ಮಾದರಿಗಳನ್ನು ತಿನ್ನಬಾರದು

ಪರೀಕ್ಷೆಯ ದಿನ ಏನೇನಾಗುತ್ತದೆ ಎಂಬುದನ್ನು ನನ್ನಷ್ಟು ಖಚಿತವಾಗಿ ಬಲ್ಲವರು ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲ್ಲೂಕುಗಳಲ್ಲಿ ಇನ್ನೊಬ್ಬರಿಲ್ಲ. ಇದು ಜಂಬದ ಮಾತಲ್ಲ, ವೃತ್ತಿಯ ಮಾತು. ಗೋಕಾಕದ ಒಂದು ಪ್ರೌಢಶಾಲೆಯಲ್ಲಿ ನಾನು ಗಣಿತದ ಮಾಸ್ತರ. ಪರೀಕ್ಷೆಯ ಹಂಗಾಮು ಬಂತೆಂದರೆ ಸುತ್ತಲಿನ ಶಾಲೆಗಳವರು ನನ್ನನ್ನು ಕರೆಸಿ, ಕೊರಳಿಗೊಂದು ಮಾಲೆ ಹಾಕಿ, ಮಕ್ಕಳಿಗೆ ನಾಲ್ಕು ಮಾತು ಹೇಳಿರಿ ಎನ್ನುತ್ತಾರೆ. ನಾನು ನಾಲ್ಕಕ್ಕೆ ನಿಲ್ಲಿಸುವವನಲ್ಲ. ಹೊಸ ಪೆನ್ನು ಒಯ್ಯಬೇಡಿ, ಹೊಸ ಚಪ್ಪಲಿ ಮೆಟ್ಟಬೇಡಿ, ಬೆಳಗಿನ ತಿಂಡಿ ಹೊಟ್ಟೆಬಿರಿಯ ತಿನ್ನಬೇಡಿ, ಗೊತ್ತಿಲ್ಲದ ಪ್ರಶ್ನೆಗೆ ಹೆದರಬೇಡಿ, ಅದು ಪಕ್ಕದವನಿಗೂ ಗೊತ್ತಿರುವುದಿಲ್ಲ ಎಂದೆಲ್ಲ ಹೇಳುತ್ತೇನೆ. ಕೊನೆಯ ಮಾತಿಗೆ ಯಾವಾಗಲೂ ಚಪ್ಪಾಳೆ ಬೀಳುತ್ತದೆ. ನನ್ನ ಮಾತು ಕೇಳಿಯೂ ಫೇಲಾದವರು ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಅವರಲ್ಲಿ ಒಬ್ಬನೂ ಹೊಸ ಚಪ್ಪಲಿಯಿಂದ ಫೇಲಾದವನಲ್ಲ.

ಇಂಥ ನನ್ನ ಮನೆಯಲ್ಲೇ ಒಂದು ಪರೀಕ್ಷೆ ಬಂದಾಗ ನಾನು ಹೆದರಬೇಕಾದ ಕಾರಣವೇ ಇರಲಿಲ್ಲ. ಮಗಳು ಭಾಗ್ಯಶ್ರೀಗೆ ಕೃಷಿ ಬಿಎಸ್ಸಿ ಓದಬೇಕೆಂಬ ಹಟ. ಈ ಹಟ ಹುಟ್ಟಿದ್ದು ನಾಗನೂರಿನಲ್ಲಿ, ನನ್ನ ಅಣ್ಣ ಈರಪ್ಪನ ಹೊಲದಲ್ಲಿ. ವರ್ಷಗಟ್ಟಲೆ ಕಬ್ಬಿಗೆ ನೀರು ನಿಲ್ಲಿಸಿ ನಿಲ್ಲಿಸಿ ಹೊಲದ ತುದಿಯ ಒಂದು ಪಟ್ಟಿ ಉಪ್ಪಿನ ಸವಳು ಹಿಡಿದು ಬೆಳ್ಳಗಾಗಿತ್ತು, ಹುಲ್ಲು ಕೂಡ ಏಳುತ್ತಿರಲಿಲ್ಲ. ರಜೆಗೆ ಹೋದಾಗಲೆಲ್ಲ ಈ ಹುಡುಗಿ ಅಲ್ಲಿ ಕುಕ್ಕುರುಗಾಲಲ್ಲಿ ಕೂತು ಮಣ್ಣು ಹೆಕ್ಕಿ ನೋಡುವಳು. ಒಂದು ದಿನ ಎದ್ದು ಬಂದವಳು, "ದೊಡ್ಡಪ್ಪಾ, ಇದನ್ನ ನಾ ಕಲ್ತ ಬಂದ ರಿಪೇರಿ ಮಾಡ್ತೇನ್ರಿ" ಎಂದಳು. ಅಣ್ಣ ನಕ್ಕ. ಅವಳು ನಗಲಿಲ್ಲ. ಅಂದಿನಿಂದ ಡಾಕ್ಟರು, ಎಂಜಿನಿಯರು ಎಂದು ಯಾರು ಏನೇ ಅಂದರೂ ಅವಳ ಕಿವಿಗೆ ಹೋಗುತ್ತಿರಲಿಲ್ಲ.

ಸಿಇಟಿಯಲ್ಲಿ ಅವಳಿಗೆ ಬಂದ ಅಂಕಗಳು ನಾಚಿಕೆಪಡುವಂಥವೂ ಅಲ್ಲ, ಕರೆದು ಪೇಢೆ ಹಂಚುವಂಥವೂ ಅಲ್ಲ. ಆದರೆ ರೈತರ ಮಕ್ಕಳಿಗೆ ಬೇರೆಯೇ ಒಂದು ಬಾಗಿಲಿದೆ. ಕೃಷಿ ಕಾಲೇಜಿನ ಒಂದಷ್ಟು ಸೀಟು ಅವರಿಗೆಂದೇ ಇಟ್ಟಿರುತ್ತಾರೆ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆ ನಡೆಸುತ್ತಾರೆ. ಮೇಜುಗಳ ಮೇಲೆ ಬೀಜ, ಗೊಬ್ಬರ, ಎಲೆ, ಒಕ್ಕಲುತನದ ಹತಾರ ಇಟ್ಟಿರುತ್ತಾರೆ. ಗಂಟೆ ಬಾರಿಸಿದಂತೆ ಒಂದು ಮೇಜಿನಿಂದ ಇನ್ನೊಂದಕ್ಕೆ ಸರಿಯುತ್ತ, ಇದು ಇಂಥದ್ದು ಎಂದು ಬರೆಯಬೇಕು. ಇದರಲ್ಲಿ ಚೆನ್ನಾಗಿ ಬಂದರೆ ಭಾಗ್ಯಾಗೆ ಸೀಟು, ಇಲ್ಲವಾದರೆ ಇಲ್ಲ. ಮೂರನೆಯ ದಾರಿ ಇರಲಿಲ್ಲ.

ಓಣಿಯವರೆಲ್ಲ ಅಂದದ್ದು ಒಂದೇ ಮಾತು, "ರೈತರ ಮಕ್ಕಳಿಗೆ ಇದೇನ ಕಠಿಣ ಬಿಡ್ರಿ." ನಾನೂ ಹೌದೆಂದೆ. ನಾನು ರೈತ ಎಂಬುದಕ್ಕೆ ಪಹಣಿಯಲ್ಲಿ ಅಣ್ಣನ ಹೆಸರಿನ ಕೆಳಗೆ ನನ್ನ ಹೆಸರಿದೆ. ಆ ಹೆಸರು ಹೊಲದಲ್ಲಿ ಇದ್ದಷ್ಟು ದಿನ ನಾನು ಹೊಲದಲ್ಲಿ ಇದ್ದವನಲ್ಲ ಎಂಬುದು ಬೇರೆ ಮಾತು.

ತರಬೇತಿಯನ್ನು ನಾನೇ ಕೈಗೆತ್ತಿಕೊಂಡೆ. ಮೊದಲು ಬೀಜಗಳು ಬೇಕಲ್ಲ, ಒಂದು ಭಾನುವಾರ ಚೀಲ ಹಿಡಿದು ನಾಗನೂರಿಗೆ ಹೋದೆ. ಅಲ್ಲಿ ಕಣ್ಣು ಹಾಯಿಸಿದತ್ತ ಕಬ್ಬು. ಅಣ್ಣನ ಹೊಲದಲ್ಲಿ ಕಬ್ಬು, ಆಚೆಯವರದ್ದು ಕಬ್ಬು, ಈಚೆಯವರದ್ದೂ ಕಬ್ಬು. ಅಣ್ಣನಿಗೆ, "ಜ್ವಾಳ, ಸಜ್ಜಿ, ಕುಸುಬಿ, ಅಗಸಿ ಎಲ್ಲಾ ಒಂದೊಂದ ಮುಟಿಗಿ ಕೊಡು" ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮಾಸ್ತರ, ಅವು ನಮ್ಮಲ್ಲಿ ಬೆಳೆಯೂದ ಬಿಟ್ಟ ಎಷ್ಟ ವರ್ಷಾತು. ಗೋಕಾಕದಾಗ ಕಿರಾಣಿ ಅಂಗಡಿ ಇಲ್ಲೇನು?" ಎಂದ. ರೈತನ ಮಗಳಿಗೆ ಬೀಜ ತೋರಿಸಲು ರೈತನ ತಮ್ಮ ರೈತನ ಮನೆಗೆ ಹೋಗಿ ಒಂದು ಕಾಳೂ ಸಿಗದೆ ಬಂದು, ಕಿರಾಣಿ ಅಂಗಡಿಯ ಮುಂದೆ ನಿಂತ. ಅಲ್ಲಿಯೂ ತೊಗರಿ ಕೇಳಿದರೆ ಬೇಳೆ ಕೊಡುತ್ತಾರೆ, ಕಡಲೆ ಕೇಳಿದರೆ ಹುರಿದ ಪುಟಾಣಿ ಕೊಡುತ್ತಾರೆ. ಅಂತೂ ಇಂತೂ ಇಡೀ ಕಾಳು ಸಿಕ್ಕಷ್ಟನ್ನು ಕಟ್ಟಿಸಿದೆ. ಬದನೆ, ಮೆಣಸಿನಕಾಯಿ, ಉಳ್ಳಾಗಡ್ಡಿ ಬೀಜಗಳನ್ನು ಸಂತೆಯಲ್ಲಿ ಹುಡುಕಿದೆ. ಯೂರಿಯಾ, ಡಿಎಪಿ, ಪೊಟ್ಯಾಷ್ ಮಾತ್ರ ಅಣ್ಣನ ಮನೆಯಲ್ಲಿ ಯಥೇಚ್ಛವಾಗಿದ್ದವು.

ಎಲ್ಲವನ್ನೂ ಬಣ್ಣಬಣ್ಣದ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಹಾಕಿ, ನಂಬರ್ ಬರೆದು, ಅಡುಗೆಮನೆಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟೆ. ಗಣಿತದವನ ಕೆಲಸ ಎಂದರೆ ಹಾಗೆಯೇ, ಕ್ರಮ ತಪ್ಪಬಾರದು. ನಾಲ್ಕೇ ದಿನಗಳಲ್ಲಿ ಭಾಗ್ಯಾ ಒಂದನ್ನೂ ತಪ್ಪದೆ ಹೇಳತೊಡಗಿದಳು. ನಾನು ಡಬ್ಬಿ ಎತ್ತುವ ಮೊದಲೇ ಉತ್ತರ ಬರುತ್ತಿತ್ತು. ಶಾಲೆಯ ಸ್ಟಾಫ್ ರೂಮಿನಲ್ಲಿ ಇದನ್ನು ಎರಡು ಸಲ ಹೇಳಿದೆ. ಐದನೆಯ ದಿನ ಒಂದು ಡಬ್ಬಿ ಎತ್ತಿದೆ. "ಮಡಕಿ ಕಾಳು" ಎಂದಳು. ತೆರೆದು ನೋಡಿದರೆ ಒಳಗೆ ಸಕ್ಕರೆ. ಹೆಂಡತಿ ಮಹಾದೇವಿ ಒಲೆಯ ಮುಂದಿನಿಂದ ತಿರುಗದೆಯೇ, "ಮಡಕಿ ನಿನ್ನೆ ಮೊಳಕಿ ಕಟ್ಟಿ ಉಸಳಿ ಮಾಡೇನ್ರಿ. ನೀವ ಎರಡ ಸಲ ಹಾಕಿಸ್ಕೊಂಡ್ರೆಲ್ಲಾ" ಎಂದಳು. ಹುಡುಗಿ ಕಲಿತದ್ದು ಕಾಳುಗಳನ್ನಲ್ಲ, ಮುಚ್ಚಳಗಳ ಬಣ್ಣವನ್ನು. ಪಠ್ಯಕ್ರಮವನ್ನು ನಾವೆಲ್ಲ ಸೇರಿ ಬೇಯಿಸಿ ತಿಂದುಬಿಟ್ಟಿದ್ದೆವು.

ಅಷ್ಟಕ್ಕೇ ಮುಗಿದಿದ್ದರೆ ಚಿಂತೆ ಇರಲಿಲ್ಲ. ಮುಂದಿನ ಸೋಮವಾರ ಮಹಾದೇವಿಯ ಉಪವಾಸ. ಸಾಬೂದಾಣಿ ನೆನೆಹಾಕಲು ಹೋದವಳು ಕೈ ಹಾಕಿದ್ದು ಯೂರಿಯಾ ಡಬ್ಬಿಗೆ. ನೋಡಲು ಎರಡೂ ಬಿಳಿ ಗುಂಡು, ತಪ್ಪು ಅವಳದ್ದಲ್ಲ. ನೀರಿಗೆ ಹಾಕಿದ ಸಾಬೂದಾಣಿ ಕಣ್ಣೆದುರೇ ಕರಗಿ ಹೋದಾಗ ಅವಳಿಗೆ ಅನುಮಾನ ಬಂತು. ಬಂದದ್ದು ನಮ್ಮ ಪುಣ್ಯ. ನನ್ನ ಡಬ್ಬಿಗಳೆಲ್ಲ ಆ ಕ್ಷಣವೇ ಅಂಗಳಕ್ಕೆ ಬಂದವು, ಅವುಗಳ ಹಿಂದೆ ನಾನೂ ಬಂದೆ. "ಅಲ್ರಿ, ಹುಡುಗಿಗೆ ಸೀಟ್ ಸಿಗಲಿ, ಬ್ಯಾಡ ಅನ್ನಂಗಿಲ್ಲ. ಅದನ್ನ ನೋಡಾಕ ನಾವು ಉಳಿಬೇಕಲ್ರಿ" ಎಂದಳು. ನಾನು ಡಬ್ಬಿಗಳನ್ನು ಎಣಿಸತೊಡಗಿದೆ. ಹೆಂಡತಿಯ ಮಾತಿಗೆ ಉತ್ತರ ಕೊಡದಿರುವುದು ಸೋಲಲ್ಲ, ಅನುಭವ.

ಆಗ ನನಗೆ ನಮ್ಮ ಅಪ್ಪ ನೆನಪಾದರು. ಅವರು ಗೋಕಾಕದ ಮಾರ್ಕೆಟ್ಟಿಗೆ ನನ್ನನ್ನು ಕರೆದುಕೊಂಡು ಹೋಗುತ್ತಿದ್ದ ಕಾಲದಲ್ಲಿ ಯಾವ ಚೀಲಕ್ಕೂ ನಂಬರ್ ಇರುತ್ತಿರಲಿಲ್ಲ. ಅಪ್ಪ ಒಂದು ಹಿಡಿ ಕಾಳು ಎತ್ತಿ, ಅಂಗೈಯಲ್ಲಿ ಉಜ್ಜಿ, ಊದಿ, ನಾಲ್ಕು ಕಾಳು ಬಾಯಿಗೆ ಎಸೆದು ಕಟಕ್ಕೆಂದು ಕಚ್ಚುತ್ತಿದ್ದರು. ಕಚ್ಚಿದ ಮೇಲೆ ಅವರ ಮಾತಿಗೆ ಎದುರಿಲ್ಲ. ಹಳೆಯದೋ ಹೊಸದೋ, ಯಾವ ಊರಿನದೋ, ಮಳೆಗೆ ತೊಯ್ದದ್ದೋ ಎಲ್ಲ ಹಲ್ಲಿಗೇ ತಿಳಿಯುತ್ತಿತ್ತು. ಹಳೆಯದನ್ನೆಲ್ಲ ಬಿಟ್ಟು ಡಬ್ಬಿಯ ಹಿಂದೆ ಬಿದ್ದೆನಲ್ಲ ಎಂದು ನನಗೇ ಬೇಸರವಾಯಿತು. ಅಂದೇ ಮಗಳನ್ನು ಕೂಡಿಸಿಕೊಂಡು, "ನೋಡು ಭಾಗ್ಯಾ, ಕಣ್ಣ ಮೋಸ ಮಾಡ್ತಾವ, ಹಲ್ಲ ಮೋಸ ಮಾಡಂಗಿಲ್ಲ. ಸಂಶೆ ಬಂತಂದ್ರ ಒಂದ ಕಾಳ ಬಾಯಾಗ ಹಾಕ್ಕೊಂಡ ಕಚ್ಚು" ಎಂದು ಹೊಸ ಪಾಠ ಶುರುಮಾಡಿದೆ. ಅಗಸೆ ಕಚ್ಚಿದೆವು, ಕುಸುಬೆ ಕಚ್ಚಿದೆವು. ಮೆಣಸಿನಕಾಯಿ ಬೀಜವನ್ನೂ ಬದನೆ ಬೀಜವನ್ನೂ ಎದುರು ಬದುರು ಇಟ್ಟು ಕಚ್ಚಿ, ಇದು ಬದನೆ ಎಂದು ನಾನು ತೀರ್ಪು ಕೊಟ್ಟೆ. ಕೊಟ್ಟ ಸ್ವಲ್ಪ ಹೊತ್ತಿಗೆ ನಾಲಿಗೆ ಉರಿಯತೊಡಗಿತು. ಬದನೆಯಲ್ಲಿಯೂ ಕೆಲವು ಖಾರದ ಜಾತಿಗಳಿರುತ್ತವೆ ಎಂದು ಹೇಳಿ ನೀರು ಕುಡಿದೆ. ಮಗಳು ನನ್ನನ್ನೇ ಬಹಳ ಹೊತ್ತು ನೋಡಿದಳು. ಶ್ರದ್ಧೆಯಿಂದ ಕೇಳುತ್ತಿದ್ದಾಳೆ ಎಂದುಕೊಂಡೆ.

ಪರೀಕ್ಷೆಯ ದಿನ ಬಂತು. ಈ ಸಲ ನಮ್ಮ ಕಡೆಯವರಿಗೆ ಹುಕ್ಕೇರಿ ರಸ್ತೆಯ ಒಂದು ಕಾಲೇಜಿನಲ್ಲಿ ಕೇಂದ್ರ ಕೊಟ್ಟಿದ್ದರು. ಮುಂಜಾನೆಯ ಬಸ್ಸು ಹಿಡಿದು ಹೊರಟೆವು. ದಾರಿಯುದ್ದಕ್ಕೂ ನಾನು ಕಿಟಕಿಯಿಂದ ಬೆಳೆ ತೋರಿಸಿ ಕೇಳುತ್ತ ಹೋದೆ. ಘೋಡಗೇರಿ ದಾಟುವಾಗ, "ಅಕಾ ಅಲ್ಲಿ, ಸೋಯಾ" ಎಂದೆ. ಹಿಂದಿನ ಸೀಟಿನ ಮುದುಕಿಯೊಬ್ಬಳು, "ಅದ ಉದ್ದಿನ ಬೆಳಿ ಐತಿ ತಮ್ಮಾ" ಎಂದಳು. ಬಸ್ಸಿನ ವೇಗದಲ್ಲಿ ಹಾಗೆ ಕಾಣುವುದು ಸಹಜ. ಭಾಗ್ಯಾ ಕಣ್ಣು ಮುಚ್ಚಿಕೊಂಡು ನಿದ್ದೆ ಬಂದವಳ ಹಾಗೆ ಕೂತಳು.

ಗೇಟಿನ ಮುಂದೆ ಜನವೋ ಜನ. ಒಬ್ಬೊಬ್ಬ ಹುಡುಗನ ಹಿಂದೆಯೂ ಹೆಣ್ಣು ನೋಡಲು ಹೊರಟವರಷ್ಟು ಮಂದಿ. ಅಪ್ಪ, ಅವ್ವ, ಕಾಕಾ, ಸೋದರಮಾವ, ಬುತ್ತಿಯ ಗಂಟು, ನೀರಿನ ಕ್ಯಾನು. ಎಲ್ಲರ ಕೈಯಲ್ಲೂ ಪುಡಿಕೆಗಳು. ಕೊನೆಯ ಗಳಿಗೆಯವರೆಗೂ ಮಕ್ಕಳ ಮುಖದ ಮುಂದೆ ಕಾಳು ಹಿಡಿದು, "ಇದ್ಯಾವ್ದು, ಲಗೂನ ಹೇಳು" ಎನ್ನುತ್ತಿದ್ದರು. ಒಬ್ಬರಂತೂ ಬಿತ್ತುವ ಕೂರಿಗೆಯನ್ನೇ ತಂದಿದ್ದರು. ಅದನ್ನು ಕಾರಿನ ತಲೆಯ ಮೇಲೆ ಕಟ್ಟಿಕೊಂಡು ಬಂದಿದ್ದರು. ನಾನು ಮಗಳಿಗೆ ನನ್ನ ಭಾಷಣದ ಸಾರವನ್ನೆಲ್ಲ ಮತ್ತೊಮ್ಮೆ ಹೇಳಿ, "ಹಲ್ಲು ಮರೀಬ್ಯಾಡ" ಎಂದು ಒಳಗೆ ಕಳಿಸಿದೆ. ಗೇಟು ಮುಚ್ಚಿದರು. ನಾನು ಬೇವಿನ ಗಿಡದ ಕೆಳಗೆ ಅತ್ಯಂತ ನೆಮ್ಮದಿಯಿಂದ ಕೂತೆ.

ಪಕ್ಕದಲ್ಲಿ ಕೂತಿದ್ದವರು ಹತ್ತರಗಿಯ ಶಿವಾನಂದ ಎಂಬವರು. ಹೆದ್ದಾರಿಯ ಬದಿಗೆ ಊಟದ ಹೋಟೆಲು ಇಟ್ಟಿದ್ದಾರೆ, ಅದರ ಹಿಂದೆ ತುಸು ಹೊಲವಿದೆ. ಅವರೂ ನನ್ನ ಹಾಗೆಯೇ ತಿಳಿದವರು, ಮಗನಿಗೆ ಎಲ್ಲವನ್ನೂ ಸ್ವತಃ ಕಲಿಸಿದ್ದರಂತೆ. ಇಬ್ಬರು ತಿಳಿದವರು ಕೂಡಿದರೆ ಕಾಲ ಹೋಗುವುದು ಗೊತ್ತಾಗುವುದಿಲ್ಲ. ನಾನು ನನ್ನ ಹಲ್ಲಿನ ವಿಧಾನ ವಿವರಿಸಿದೆ. ಅವರು ತಲೆದೂಗುತ್ತ ಕೇಳಿ, ಕೊನೆಗೆ, "ಖರೆ ಐತ್ರಿ. ಆದ್ರ ಒಳಗ ಇಡೂದು ಬಿತ್ತೂ ಬೀಜ ಅಲ್ರಿ? ಅದಕ್ಕ ಎಣ್ಣಿ ಹಚ್ಚಿರ್ತಾರಲ್ಲಾ" ಎಂದರು.

ನಮ್ಮ ಕಡೆ ಎಣ್ಣೆ ಎಂದರೆ ಒಗ್ಗರಣೆಯ ಎಣ್ಣೆಯೂ ಹೌದು, ಕೀಟನಾಶಕವೂ ಹೌದು. ಅಂಗಡಿಯ ಪಾಕೀಟಿನಿಂದ ಬರುವ ಬಿತ್ತನೆ ಬೀಜಕ್ಕೆ ಗುಲಾಬಿ ಬಣ್ಣದ ವಿಷ ಸವರಿರುತ್ತಾರೆ. ಹಕ್ಕಿ ತಿಂದರೆ ಹಕ್ಕಿಯ ಗತಿ ಅಷ್ಟೇ. ಅಪ್ಪನ ಕಾಲದ ಕಾಳಿಗೆ ಅದೆಲ್ಲಿತ್ತು? ಎಷ್ಟು ಧೈರ್ಯವಾಗಿ ಹೇಳಿ ಕಳಿಸಿದ್ದೆ ಆ ಮಗುವಿಗೆ. ಒಂದು ಮೇಜಿನಿಂದ ಇನ್ನೊಂದಕ್ಕೆ ಸರಿಯುತ್ತ, ಅಪ್ಪನ ಮಾತು ಎಂದು ಎಲ್ಲವನ್ನೂ ಕಚ್ಚುತ್ತ ಹೊರಟ ಹುಡುಗಿ ಕಣ್ಣ ಮುಂದೆ ಬಂದಳು. ಆಗ ನನಗೆ ಸೀಟೂ ಬೇಡ, ಪರೀಕ್ಷೆಯೂ ಬೇಡ, ಅವಳು ತನ್ನ ಕಾಲ ಮೇಲೆ ನಡೆದು ಹೊರಗೆ ಬಂದರೆ ಸಾಕು ಎನಿಸಿತು.

ಗೇಟಿಗೆ ಓಡಿದೆ. ಅಲ್ಲಿ ಕಾವಲಿಗೆ ನಿಂತವನು ದಪ್ಪ ಮೀಸೆಯ, ಶಾಂತ ಸ್ವಭಾವದ ಮನುಷ್ಯ. "ಒಂದ ಉಪಕಾರ ಮಾಡ್ರಿ. ಒಳಗ ಭಾಗ್ಯಶ್ರೀ ಅಂತ ಹಸರ ಚೂಡಿದಾರದ ಹುಡುಗಿ ಅದಾಳ. ಒಂದ ಮಾತ ಹೇಳಿ ಬರ್ರಿ" ಎಂದೆ.

"ಏನಂತ ಹೇಳ್ಬೇಕ್ರಿ?"

"ಗುಲಾಬಿ ಬಣ್ಣದ್ದು ಬಂದ್ರ ಬಾಯಾಗ ಹಾಕ್ಕೋಬ್ಯಾಡ ಅನ್ರಿ."

ಅವನು ನನ್ನನ್ನು ಸಾವಕಾಶವಾಗಿ ನೋಡಿ, "ಇದು ಎಷ್ಟನೇ ಪ್ರಶ್ನೇದ ಉತ್ತರ್ರಿ?" ಎಂದ.

"ಉತ್ತರ ಅಲ್ರಿ, ಜೀವದ ಪ್ರಶ್ನೆ ಐತಿ."

"ಇಲ್ಲಿ ಎಲ್ಲಾರ್ದೂ ಜೀವದ ಪ್ರಶ್ನೇನ ಐತ್ರಿ ಸರ. ಆಗಳೆ ಒಬ್ರು ಬಂದು, ಮನ್ಯಾಗ ಕರಿ ಎಮ್ಮಿ ಈದೈತಿ ಅಂತ ನಮ್ಮ ಹುಡುಗ್ಗ ಹೇಳ್ರಿ ಅಂದ್ರು. ನಾ ಏನ ಸಣ್ಣಾವೇನ್ರಿ? ಅಂಥಾ ಎಮ್ಮಿ ಭಾಳ ನೋಡೇನಿ."

ನಾನು ಮಾಸ್ತರ, ಸುಳ್ಳು ಹೇಳುವವನಲ್ಲ ಎಂದೆ. ಮಾಸ್ತರ ಎಂದದ್ದೇ ತಪ್ಪಾಯಿತು, ಅವನ ಅನುಮಾನ ಇನ್ನೂ ಗಟ್ಟಿಯಾಯಿತು. ಅವನನ್ನು ದೂರಿ ಪ್ರಯೋಜನವಿಲ್ಲ. ಕೊಠಡಿಯ ಮೇಲ್ವಿಚಾರಕನಾಗಿ ನಾನೇ ಎಷ್ಟು ತಂದೆಯರನ್ನು ಹೀಗೆ ಕಿಟಕಿಯಿಂದ ವಾಪಸು ಕಳಿಸಿಲ್ಲ. ಮಗನಿಗೆ ಸೀತಾಫಲ ಬಿಟ್ಟಿದೆ ಎಂದು ಹೇಳಿ ಎಂದವರನ್ನು, ಇದು ಉತ್ತರದ ಸಂಕೇತ ಎಂದು ಗದರಿಸಿ ಕಳಿಸಿದ್ದು ನೆನಪಾಯಿತು. ಯಾರಿಗೆ ಗೊತ್ತು, ಅವರ ಮನೆಯಲ್ಲಿ ನಿಜವಾಗಿಯೇ ಬಿಟ್ಟಿದ್ದೀತು.

ಕಂಪೌಂಡಿನ ಬದಿಗೆ ಕಲ್ಲು ಒಟ್ಟಿದ್ದರು. ಶಿವಾನಂದರ ಹೆಗಲು ಹಿಡಿದು ಅದರ ಮೇಲೆ ಹತ್ತಿ ನಿಂತು, ತರಗತಿಯ ದನಿಯಲ್ಲಿ, "ಭಾಗ್ಯಾ, ಒಳಗ ಏನೂ ತಿನ್ನಬ್ಯಾಡ" ಎಂದು ಕೂಗಿದೆ. ಮತ್ತೆ ಕೂಗಿದೆ. ಕಟ್ಟಡ ದೂರವಿತ್ತು, ಯಾರೂ ಹೊರಗೆ ಇಣುಕಲಿಲ್ಲ. ಗಿಡದ ಕೆಳಗಿನ ಮಂದಿ ಮಾತ್ರ ತಿರುಗಿ ನೋಡಿದರು. "ಪಾಪ, ಹುಡುಗಿದು ಉಪಾಸ ಇರಬೇಕು" ಎಂದು ಒಬ್ಬ ಹೆಣ್ಣುಮಗಳು ಕನಿಕರದಿಂದ ಹೇಳಿ, ಸಂಜೆ ಅವಳಿಗೆ ಕೊಡಿ ಎಂದು ನನ್ನ ಕೈಗೆ ಎರಡು ಬಾಳೆಹಣ್ಣು ಇಟ್ಟಳು. ಕಾವಲಿನವನು ಬಂದು, ಬಹಳ ಮರ್ಯಾದೆಯಿಂದಲೇ ನನ್ನನ್ನು ಕಲ್ಲಿನಿಂದ ಇಳಿಸಿದ. ಬಾಳೆಹಣ್ಣು ಹಿಡಿದುಕೊಂಡು ಗೇಟಿನ ಸರಳಿಗೆ ಹಣೆ ಹಚ್ಚಿ ನಿಂತೆ. ಆ ಹೊತ್ತು ಹೇಗೆ ಕಳೆಯಿತು ಎಂದು ಯಾರೂ ಕೇಳಬಾರದು.

ಕೊನೆಗೂ ಗಂಟೆ ಹೊಡೆಯಿತು. ಹುಡುಗರು ಹೊರಬಿದ್ದರು. ಅವರ ನಡುವೆ ಹಸಿರು ಚೂಡಿದಾರ ಕಂಡಿತು. ನಡೆಯುತ್ತಿದ್ದಳು, ನೆಟ್ಟಗೇ ನಡೆಯುತ್ತಿದ್ದಳು, ಪಕ್ಕದ ಹುಡುಗಿಯ ಜೊತೆ ನಗುತ್ತಲೂ ಇದ್ದಳು. ನನಗೆ ಕಣ್ಣು ತುಂಬಿ ಬಂತು. "ಬಾಯಿ ತಗಿ ನೋಡೂಣು" ಎಂದೆ.

"ಯಾಕ್ರಿ ಅಪ್ಪಾಜಿ?"

"ಏನಾರ ಕಚ್ಚಿದ್ಯೇನು?"

"ಇಲ್ಲಪಾ. ಬಾಗಲದಾಗ ದೊಡ್ಡದಾಗಿ ಬರದ ಹಚ್ಚ್ಯಾರ, ಮಾದರಿಗಳನ್ನು ತಿನ್ನಬಾರದು ಅಂತ. ಆದ್ರೂ ನಾ ಹೋಗೂದ್ರಾಗ ಶೇಂಗಾದ ತಾಟಿನ್ಯಾಗ ಬರೇ ಸಿಪ್ಪಿ ಉಳದಿದ್ವು."

ಹಾಗಾದರೆ ಇದು ನನ್ನೊಬ್ಬನ ವಿಧಾನವಲ್ಲ, ಇಡೀ ಸೀಮೆಯ ರೈತರ ಮಕ್ಕಳಿಗೆ ಅವರವರ ಅಪ್ಪಂದಿರು ಹಲ್ಲಿನ ವಿದ್ಯೆಯನ್ನೇ ಕಲಿಸಿ ಕಳಿಸುತ್ತಾರೆ ಎಂದಾಯಿತು. ಪರೀಕ್ಷೆ ನಡೆಸುವವರಿಗೆ ಅದು ಎಷ್ಟೋ ಕಾಲದಿಂದ ಗೊತ್ತಿದ್ದಿರಬೇಕು. ಸಮಾಧಾನವೂ ಆಯಿತು, ಸ್ವಲ್ಪ ಹೆಮ್ಮೆಯೂ ಆಯಿತು.

ಜೀವ ಉಳಿಯಿತು ಎಂದ ಕೂಡಲೇ ಮನುಷ್ಯನಿಗೆ ಸೀಟು ನೆನಪಾಗುತ್ತದೆ. ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಅವಳನ್ನು ಕೂಡಿಸಿಕೊಂಡು ಒಂದೊಂದೇ ಕೇಳಿದೆ. ಬೀಜ ಹೇಗಿತ್ತು ಎಂದು ಅವಳು ಹೇಳುವುದು, ಅದು ಏನಾಗಿರಬೇಕು ಎಂದು ನಾನು ಹೇಳುವುದು, ಏನು ಬರೆದೆ ಎಂದು ಕೇಳುವುದು. ಚಹಾ ಮುಗಿಯುವಷ್ಟರಲ್ಲಿ ಬಹಳಷ್ಟು ತಪ್ಪುಗಳು ಹೊರಬಂದವು. ಬದನೆ ಎಂದು ಬರೆಯಬೇಕಾದಲ್ಲಿ ಮೆಣಸಿನಕಾಯಿ ಎಂದು ಬರೆದಿದ್ದಳು. ಸೋಯಾ ಎಲೆಯನ್ನು ಉದ್ದಿನ ಎಲೆ ಎಂದಿದ್ದಳು. ಕುಂಟೆಯ ಭಾಗವೊಂದಕ್ಕೆ ನಾನು ಹೇಳಿಕೊಟ್ಟ ಹೆಸರು ಬಿಟ್ಟು ಬೇರೆಯದನ್ನೇ ಬರೆದಿದ್ದಳು. ನಾನು ಲೆಕ್ಕ ಹಾಕಿ, "ಕೈ ಬಿಟ್ಟ ಹೋತವ್ವಾ" ಎಂದೆ. ಅವಳು ಲೋಟದ ತಳ ನೋಡುತ್ತ ಕೂತಳು.

ಆಮೇಲಿನ ದಿನಗಳು ಮನೆಯಲ್ಲಿ ಸೂತಕದ ಹಾಗೆ ಇದ್ದವು. ಗೋಕಾಕದಲ್ಲೇ ಮಾಮೂಲಿ ಬಿಎಸ್ಸಿಗೆ ಸೇರಿಸುವ ಮಾತೆತ್ತಿದೆ. ಭಾಗ್ಯಾ ಒಲ್ಲೆ ಎನ್ನಲೂ ಇಲ್ಲ, ಹ್ಞೂಂ ಎನ್ನಲೂ ಇಲ್ಲ, ನಾಗನೂರಿಗೆ ಹೋಗಿ ಆ ಬಿಳಿ ಪಟ್ಟಿಯ ಬದಿಗೆ ಕೂತು ಬಂದಳು ಎಂದು ಅಣ್ಣ ಫೋನಿನಲ್ಲಿ ಹೇಳಿದ. ಮಹಾದೇವಿ ಮಾತ್ರ, "ಫಲಿತಾಂಶ ಇನ್ನೂ ಬಂದಿಲ್ಲಲ್ರಿ. ನೀವ್ಯಾಕ ಮೊದ್ಲ ಫೇಲ್ ಮಾಡ್ತೀರಿ?" ಎಂದಳು. ಗಣಿತ ಗೊತ್ತಿಲ್ಲದವರಿಗೆ ಆಸೆ ಹೆಚ್ಚು ಎಂದುಕೊಂಡೆ.

ಫಲಿತಾಂಶ ಬಂತು. ಭಾಗ್ಯಾಗೆ ಬಂದ ಅಂಕಗಳನ್ನು ನೋಡಿ ನಾನು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ನಾನು ತಪ್ಪೆಂದು ಎಣಿಸಿದ್ದೆಲ್ಲ ಸರಿಯಾಗಿತ್ತು. ಮುಂದೆ ಸೀಟೂ ಸಿಕ್ಕಿತು. ಅಣ್ಣ ನಾಗನೂರಿನಿಂದ ಪೇಢೆಯ ಡಬ್ಬಿ ಹಿಡಿದು ಬಂದ, ಮಹಾದೇವಿ ಹೋಳಿಗೆ ಮಾಡಿದಳು. ಊಟಕ್ಕೆ ಕೂತಾಗ ನಾನು, "ಅಲ್ಲವ್ವಾ, ಅಷ್ಟ ಸಂಶೆ ಬರೂವಂಥಾವು ಇದ್ದೂ, ಎಲ್ಲಾ ಹೆಂಗ ಸರಿ ಬರದಿ? ಕಚ್ಚೂದಂತೂ ಬಂದ ಮಾಡಿದ್ರು" ಎಂದು ಕೇಳಿದೆ.

ಅವಳು ಅವ್ವನ ಮುಖ ನೋಡಿದಳು, ದೊಡ್ಡಪ್ಪನ ಮುಖ ನೋಡಿದಳು. ಆಮೇಲೆ ತಾಟಿನ ಕಡೆ ನೋಡುತ್ತ, "ಸಿಟ್ಟ ಆಗಬ್ಯಾಡ್ರಿ ಅಪ್ಪಾಜಿ. ಎರಡರಾಗ ಯಾವ್ದು ಅಂತ ಸಂಶೆ ಬಂದಾಗೆಲ್ಲಾ, ಇಲ್ಲಿ ನೀವಿದ್ರ ಏನಂತಿದ್ರಿ ಅಂತ ನೆನಸ್ಕೊಂಡ್ನಿ. ಅದನ್ನ ಬಿಟ್ಟ ಇನ್ನೊಂದ ಬರದ್ನಿ" ಎಂದಳು.

ಅಣ್ಣನಿಗೆ ಹೋಳಿಗೆ ನೆತ್ತಿಗೇರಿತು. ಮಹಾದೇವಿ ತುಪ್ಪ ತರುವ ನೆಪದಿಂದ ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಒಳಗಿನಿಂದ ಪಾತ್ರೆಯ ಸದ್ದೂ ಬರಲಿಲ್ಲ. ನಾನು ಗಣಿತದವನಾದ್ದರಿಂದ ವಿಷಯವನ್ನು ಶಾಂತವಾಗಿ ಯೋಚಿಸಿದೆ. ಒಮ್ಮೆ ಸರಿ, ಒಮ್ಮೆ ತಪ್ಪು ಹೇಳುವ ಮನುಷ್ಯನನ್ನು ನಂಬಿ ಯಾವ ಪರೀಕ್ಷೆಯನ್ನೂ ಬರೆಯಲಾಗದು. ಪ್ರತಿ ಸಲವೂ, ಯಾವ ವಿನಾಯಿತಿಯೂ ಇಲ್ಲದೆ ತಪ್ಪು ಹೇಳುವವನು ಮನೆಯಲ್ಲಿ ಒಬ್ಬನಿದ್ದರೆ ಅದು ಉತ್ತರಪತ್ರಿಕೆಯೇ ಕೈಯಲ್ಲಿ ಇದ್ದ ಹಾಗೆ. ಆ ಲೆಕ್ಕದಲ್ಲಿ ಭಾಗ್ಯಾಳ ಸೀಟಿನಲ್ಲಿ ನನ್ನ ಪಾಲು ಸಣ್ಣದಲ್ಲ. ಇದನ್ನು ಊಟ ಮುಗಿಯುವ ಮೊದಲೇ ಎಲ್ಲರಿಗೂ ವಿವರಿಸಿದೆ.

ಬರುವ ವರ್ಷ ಇದೇ ಪರೀಕ್ಷೆಗೆ ಕೂರುವ ಓಣಿಯ ಮಕ್ಕಳು ಈಗಲೇ ನನ್ನ ಹತ್ತಿರ ಪಾಠಕ್ಕೆ ಬರತೊಡಗಿದ್ದಾರೆ. ಭಾಗ್ಯಾನೇ ಅವರನ್ನು ಕಳಿಸಿದ್ದಂತೆ. ಇಷ್ಟು ವರ್ಷ ಮಾಸ್ತರಿಕೆ ಮಾಡಿದ್ದೇನೆ, ಇಂಥ ಶ್ರದ್ಧೆಯ ಮಕ್ಕಳನ್ನು ನೋಡಿಲ್ಲ. ನಾನು ಒಂದು ಕಾಳು ಎತ್ತಿ ಇದು ಇಂಥದ್ದು ಎಂದ ಕೂಡಲೇ ಅವರ ಮುಖ ಅರಳುತ್ತದೆ, ಒಬ್ಬರನ್ನೊಬ್ಬರು ನೋಡಿಕೊಂಡು ಸರಸರನೆ ಬರೆದುಕೊಳ್ಳುತ್ತಾರೆ. ಏನು ಬರೆದುಕೊಂಡಿರಿ, ತೋರಿಸಿ ಎಂದು ನಾನು ಇದುವರೆಗೆ ಕೇಳಿಲ್ಲ.